ಗಂಟೆಯಣ್ಣನ ಭಾವಚಿತ್ರ

ಕಾಲೇಜಿನ ದಾಖಲೆ ಕೊಠಡಿಯಲ್ಲಿ ಹನ್ನೊಂದು ವರ್ಷ ಕೂತರೆ ಯಾರೇ ಆಗಲಿ ಸ್ವಲ್ಪ ಧೂಳಿನ ಬಣ್ಣಕ್ಕೆ ತಿರುಗುತ್ತಾರೆ. ಅಲ್ಲಿಯ ಗುಮಾಸ್ತ ಪೂರ್ತಿ ತಿರುಗಿದ್ದ. ಅಂಗಿ, ಕೂದಲು, ಕನ್ನಡಕದ ಗಾಜು ಎಲ್ಲ ಒಂದೇ ಬಣ್ಣ. ಅವನ ಕೆಮ್ಮು ಕೂಡ ಅದೇ ಬಣ್ಣದ್ದು ಎಂದು ಜೊತೆಯವರು ಹೇಳುತ್ತಿದ್ದರು. ಹಾಗಾಗಿ ಅವನಿಗೆ ಧೂಳಪ್ಪ ಎಂಬ ಹೆಸರು ಬಿತ್ತು, ಬಿದ್ದದ್ದು ಅಂಟಿಕೊಂಡಿತು. ಈಗ ಹಾಜರಿ ಪುಸ್ತಕದಲ್ಲಿ ತನ್ನ ನಿಜವಾದ ಹೆಸರು ಕಂಡರೆ ಅವನಿಗೇ ಯಾರೋ ದೂರದ ನೆಂಟರ ಹೆಸರು ಕಂಡಂತಾಗುತ್ತಿತ್ತು.

ಕಾಲೇಜಿಗೆ ಎಪ್ಪತ್ತೈದು ತುಂಬಿದ ವರ್ಷ ಆಡಳಿತ ಮಂಡಳಿಯ ಅಧ್ಯಕ್ಷರು ಒಂದು ದಿನ ದಾಖಲೆ ಕೊಠಡಿಗೆ ಭೇಟಿ ಕೊಟ್ಟರು. ಇವರು ಸಂಸ್ಥಾಪಕ ಪ್ರಿನ್ಸಿಪಾಲರ ಮೊಮ್ಮಗ. ಹಳೆಯ ಫೋಟೋಗಳ ಪೆಟ್ಟಿಗೆಯ ಮುಚ್ಚಳ ತೆಗೆದರು, ಸಾಲಾಗಿ ಏಳು ಸಲ ಸೀನಿದರು. ಎಂಟನೆಯದು ಬರುವ ಮೊದಲು ಹೊರಗೆ ಬಂದು, ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ, "ಜನ ಇಲ್ಲಿಗೆ ಬರೋದು ಬೇಡ. ಇದೇ ಜನರ ಮನೆಗೆ ಹೋಗ್ಲಿ" ಎಂದರು. ಸಂಸ್ಥೆಯ ಅಂತರ್ಜಾಲ ಪ್ರದರ್ಶನ ಹುಟ್ಟಿದ್ದು ಹೀಗೆ. ಮುಂದೆ ಭಾಷಣದಲ್ಲಿ ಇದನ್ನು ದೂರದೃಷ್ಟಿ ಎಂದು ಕರೆಯಲಾಯಿತು.

ಇನ್ನೂರ ಹದಿಮೂರು ಫೋಟೋಗಳನ್ನು ಆರಿಸಿದರು. ಪ್ರತಿಯೊಂದಕ್ಕೂ ಹೆಸರು, ಹುದ್ದೆ, ಎರಡು ಸಾಲಿನ ವಿವರ ಬರೆಯುವ ಕೆಲಸ ಧೂಳಪ್ಪನ ಪಾಲಿಗೆ ಬಂತು. ಪರೀಕ್ಷೆಗೆಂದು ಹಾಕಿದ ಮೊದಲ ಪುಟದಲ್ಲೇ ಹನ್ನೆರಡು ಕಡೆ "ಅಪರಿಚಿತ ವ್ಯಕ್ತಿ" ಎಂದಿತ್ತು. ಅಧ್ಯಕ್ಷರಿಗೆ ಅದು ಸರಿಬೀಳಲಿಲ್ಲ.

"ಅಪರಿಚಿತರು ಅಂದ್ರೇನ್ರೀ? ಕಾಲೇಜೋ ಬಸ್ ನಿಲ್ದಾಣವೋ? ನಮ್ಮಲ್ಲಿ ಅಪರಿಚಿತರು ಯಾರೂ ಇಲ್ಲ. ಆ ಪದಾನೇ ತೆಗೀರಿ."

ಆಜ್ಞೆ ಆಜ್ಞೆಯೇ. ಜಾಲತಾಣ ಕಟ್ಟುತ್ತಿದ್ದ ಕಂಪ್ಯೂಟರ್ ಮೇಷ್ಟ್ರು ಆ ಪದವನ್ನು ಬುಡಸಮೇತ ಕಿತ್ತರು. ಹೆಸರಿನ ಖಾನೆಯಲ್ಲಿ ಯಾರಾದರೂ "ಅಪರಿಚಿತ" ಎಂದೋ ಹೆಸರಲ್ಲದ ಇನ್ನೇನನ್ನೋ ಬರೆದರೆ ಪರದೆ ಕೆಂಪಾಗಿ ಅದನ್ನು ಉಗುಳುವ ಹಾಗೆ ಮಾಡಿದರು. ಖಾಲಿ ಬಿಟ್ಟರೂ ಉಗುಳುತ್ತಿತ್ತು.

ಧೂಳಪ್ಪ ಹಳೆಯ ವಾರ್ಷಿಕ ಸಂಚಿಕೆ ಹುಡುಕಿದ, ನಿವೃತ್ತ ಮೇಷ್ಟ್ರುಗಳ ಮನೆಗೆ ಅಲೆದ, ಒಬ್ಬರು ಹೇಳಿದ ಹೆಸರನ್ನು ಇನ್ನೊಬ್ಬರು ಅಲ್ಲಗಳೆದಾಗ ಮೂರನೆಯವರನ್ನು ಕೇಳಿದ. ಇನ್ನೂರ ಹನ್ನೆರಡು ಮುಗಿದವು. ಕಡೆಯ ದಿನ ಸಂಜೆ ನಾಲ್ಕೂ ಮುಕ್ಕಾಲಿಗೆ ಒಂದೇ ಒಂದು ಉಳಿಯಿತು. ಖಾಕಿ ಕೋಟು, ತಲೆಗೆ ಟೋಪಿ, ದಪ್ಪ ಮೀಸೆ, ಕೈಯಲ್ಲಿ ಹಿತ್ತಾಳೆ ಗಂಟೆ ಹಿಡಿದ ಒಬ್ಬ ಮನುಷ್ಯ. ಹಿಂದೆ ಕಪ್ಪು ಬಟ್ಟೆ. ಅಂಗೈಯಗಲದ ಫೋಟೋ, ಹಿಂಬದಿಯಲ್ಲಿ ಏನೂ ಬರೆದಿಲ್ಲ.

ಫೋನು ಹೊಡೆದುಕೊಂಡಿತು. ಕಂಪ್ಯೂಟರ್ ಮೇಷ್ಟ್ರು. "ಧೂಳಪ್ಪನೋರೇ, ಒಂದು ಖಾನೆ ಖಾಲಿ ಇದ್ರೂ ಇಡೀ ಪ್ರದರ್ಶನ ತೆರ್ಕೊಳ್ಳಲ್ಲ. ಐದಕ್ಕೆ ಅಧ್ಯಕ್ಷರು ಗುಂಡಿ ಒತ್ತೋಕೆ ಬೆರಳು ಚಾಚ್ಕೊಂಡು ಕೂತಿದ್ದಾರೆ."

ಧೂಳಪ್ಪ "ಗೊತ್ತಿಲ್ಲ" ಎಂದು ಬರೆದ. ಕೆಂಪು. "ಯಾರೋ ಒಬ್ಬರು" ಎಂದ. ಕೆಂಪು. ಬರೀ ಒಂದು ಚುಕ್ಕಿ ಇಟ್ಟ. ಅದಕ್ಕೂ ಕೆಂಪು. ಆಗ ಅವನು ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ಗಂಟೆ. ಖಾಕಿ ಕೋಟು. ಅವನ ಎದೆ ಒಂದು ಸಲ ಢವ್ ಎಂದಿತು.

ಈ ಢವ್‌ಗೆ ಕಾರಣವಿತ್ತು. ಧೂಳಪ್ಪನ ಅಪ್ಪ ಇದೇ ಕಾಲೇಜಿನಲ್ಲಿ ಮೂವತ್ತಾರು ವರ್ಷ ಜವಾನರಾಗಿದ್ದವರು. ಕೈಗಂಟೆ ಹಿಡಿದು ಮೊಗಸಾಲೆಯುದ್ದಕ್ಕೂ ಬಾರಿಸುತ್ತಾ ಹೋಗುತ್ತಿದ್ದದ್ದರಿಂದ ಎಲ್ಲರಿಗೂ ಗಂಟೆಯಣ್ಣ. ತೀರಿಕೊಂಡು ಇಪ್ಪತ್ತೆರಡು ವರ್ಷವಾಗಿತ್ತು. ಅವರದು ಒಂದೇ ಒಂದು ಫೋಟೋ ಮನೆಯಲ್ಲಿರಲಿಲ್ಲ. ಕ್ಯಾಮೆರಾ ಕಂಡರೆ ಸಾಕು, ಕುರ್ಚಿ ಜೋಡಿಸಲು ಓಡುವುದು ಅವರ ಅಭ್ಯಾಸ. ಪ್ರತಿ ವರ್ಷ ಗುಂಪುಫೋಟೋಕ್ಕೆ ಕುರ್ಚಿ ಸಾಲು ಮಾಡಿ, ಎಲ್ಲರನ್ನೂ ಕೂರಿಸಿ, ಕ್ಯಾಮೆರಾದವನ ಬೆನ್ನಿಗೆ ಹೋಗಿ ನಿಂತುಬಿಡುತ್ತಿದ್ದರು. ಸ್ವಂತ ಮಗನ ಮದುವೆಯ ಆಲ್ಬಮ್ಮಿನಲ್ಲೂ ಅವರು ಮೂರು ಕಡೆ ಇದ್ದಾರೆ, ಮೂರರಲ್ಲೂ ಬೆನ್ನು, ಮೂರರಲ್ಲೂ ಕೈಯಲ್ಲಿ ಕುರ್ಚಿ. ಕಚೇರಿಯ ಕಡತದಲ್ಲಿದ್ದ ಪುಟ್ಟ ಫೋಟೋವನ್ನು ಗೆದ್ದಲು ತಿಂದಿತ್ತು. ಧೂಳಪ್ಪ ಯಾರಿಗೂ ಬೇಡದ ದಾಖಲೆ ಕೊಠಡಿಯನ್ನು ಕೇಳಿ ಪಡೆದದ್ದೇ, ಎಲ್ಲಾದರೂ ಒಂದು ಕಡೆ ಅಪ್ಪ ಎದುರುಮುಖವಾಗಿ ಸಿಕ್ಕಿಯಾರು ಎಂದು. ಅಮ್ಮ ಹನ್ನೊಂದು ವರ್ಷದಿಂದ ವಾರಕ್ಕೊಂದು ಸಲವಾದರೂ, "ಸಿಕ್ಕಿದ್ರೇನೋ?" ಎಂದು ಕೇಳುತ್ತಿದ್ದರು, ಅಪ್ಪ ಅಲ್ಲೇ ಎಲ್ಲೋ ಪೆಟ್ಟಿಗೆಯ ಹಿಂದೆ ಕೂತಿರುವ ಹಾಗೆ.

ಅಪ್ಪನಿಗೆ ಮೀಸೆ ಇದ್ದದ್ದು ಧೂಳಪ್ಪನಿಗೆ ನೆನಪಿರಲಿಲ್ಲ. ಆದರೆ ಇದು ತಾನು ಹುಟ್ಟುವ ಮುಂಚಿನ ಫೋಟೋ ಇರಬೇಕು, ಮೀಸೆ ಬೋಳಿಸುವುದಕ್ಕೆ ಯಾರಪ್ಪಣೆ ಬೇಕು? ಮೂಗು ಸ್ವಲ್ಪ ಉದ್ದವಾಯಿತೇನೋ. ಇರಲಿ, ಬೆಳಕು ಆ ಕಡೆಯಿಂದ ಬಿದ್ದಿದೆ. ಹೀಗೆ ಒಂದೊಂದೇ ತಕರಾರನ್ನು ತಾನೇ ಎತ್ತಿ ತಾನೇ ತಳ್ಳಿಹಾಕಿ, ಐದಕ್ಕೆ ಎರಡು ನಿಮಿಷ ಇರುವಾಗ ಧೂಳಪ್ಪ ಖಾನೆಯಲ್ಲಿ ಅಪ್ಪನ ಹೆಸರು ತುಂಬಿದ. "ಗಂಟೆಯಣ್ಣ, ಜವಾನರು. ಮೂವತ್ತಾರು ವರ್ಷ ಈ ಕಾಲೇಜಿನ ಹೊತ್ತನ್ನು ಕಾದವರು."

ಪರದೆ ಹಸಿರಾಯಿತು.

ಮನೆಗೆ ಬಂದು ಹೆಂಡತಿಯ ಮುಂದೆ ಮೊಬೈಲು ಹಿಡಿದ. ಆಕೆ ನೋಡಿದಳು, ದೂರ ಹಿಡಿದು ನೋಡಿದಳು, ಸೆರಗಿನಿಂದ ಗಾಜು ಒರೆಸಿ ನೋಡಿದಳು.

"ರೀ, ಈ ಮೂಗು ನಿಮ್ಮ ಮನೇದಲ್ಲ."

"ಬೆಳಕು ಕಣೇ."

"ಬೆಳಕಿಗೆ ಮೂಗು ಬೆಳೆಯುತ್ತಾ? ಇಪ್ಪತ್ತೈದು ವರ್ಷದಿಂದ ಈ ಮನೆಯ ಮೂಗುಗಳ ಮಧ್ಯೆ ಬದುಕಿದ್ದೀನಿ. ನಿಮ್ಮದು, ನಿಮ್ಮ ತಂಗೀದು, ನನ್ನ ಹೊಟ್ಟೇಲಿ ಹುಟ್ಟಿದವರದ್ದು, ಎಲ್ಲ ಮೊಂಡು."

"ಮೆಲ್ಲಗೆ ಮಾತಾಡೇ, ಅಮ್ಮ..."

ಅಷ್ಟರಲ್ಲಿ ಒಳಗಿನಿಂದ ಅಮ್ಮನ ದನಿ ಬಂತು. "ಏನೋ ಅದು? ಸಿಕ್ಕಿದ್ರಾ?"

ಎರಡೂ ಕಣ್ಣಿಗೆ ಪೊರೆ ಬಂದು ಅಮ್ಮನಿಗೆ ಮೂರು ವರ್ಷದಿಂದ ಜಗತ್ತು ಮಂಜಾಗಿತ್ತು. ಒಂದು ಕಣ್ಣಿಗೆ ಹಿಂದಿನ ದಿನವಷ್ಟೇ ಆಪರೇಷನ್ ಆಗಿ ಕಟ್ಟು ಹಾಕಿದ್ದರು. ಇನ್ನು ಮೂರು ವಾರ ಕಣ್ಣಿಗೆ ಆಯಾಸ ಕೂಡದು, ಮೊಬೈಲಂತೂ ತೋರಿಸಲೇಬಾರದು ಎಂದು ಡಾಕ್ಟರು ಹೇಳಿದ್ದರು. ಧೂಳಪ್ಪ ಬಾಗಿಲಲ್ಲಿ ನಿಂತ. ಹೆಂಡತಿ ಅವನ ಮುಖ ನೋಡಿದಳು. ಅವನ ಬಾಯಿ ಅವನಿಗಿಂತ ಮುಂದೆ ಹೋಯಿತು.

"ಹೂಂ ಅಮ್ಮ. ಸಿಕ್ಕಿದ್ರು."

ಅಮ್ಮ ಮಂಚದಲ್ಲಿ ಎದ್ದು ಕೂತರು. ಆಮೇಲೆ ಕೇಳಿದ್ದು ಒಂದೇ ಮಾತು. "ಈ ಕಡೆ ತಿರುಗಿದ್ದಾರಾ?"

ಮರುದಿನ ಕೆಳಮನೆಯ ಟೈಲರಿಗೆ ವಿಷಯ ಗೊತ್ತಾಯಿತು, ಎಂದರೆ ಬೀದಿಗೆ ಗೊತ್ತಾಯಿತು. ಆತ ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಮೆಟ್ಟಿಲು ಹತ್ತಿ ಬಂದು ಅಮ್ಮನ ಮಂಚದ ಪಕ್ಕ ಕೂತು ಫೋಟೋವನ್ನು ವರ್ಣಿಸತೊಡಗಿದ.

"ಅಮ್ಮಾ, ಏನು ನಿಲುವು ಅಂತೀರಿ! ಯಜಮಾನ್ರು ದಂಡನಾಯಕರ ಥರ ಎದೆ ಎತ್ತಿ ನಿಂತಿದ್ದಾರೆ."

"ಎದೆ ಎತ್ತಿ? ಅವರು ನೆಟ್ಟಗೆ ನಿಂತಿದ್ದು ನಾನು ಕಂಡಿಲ್ಲಪ್ಪಾ. ಗೋಡೆ ಕಂಡ್ರೆ ಒರಗೋರು."

"ವಯಸ್ಸಿನಲ್ಲಿ ಅಮ್ಮಾ! ಮೀಸೆ ಅಂತೂ..."

"ಮೀಸೆ?"

ಧೂಳಪ್ಪ ಟೈಲರನ ರಟ್ಟೆ ಹಿಡಿದು, "ಕಾಫಿ ಕುಡಿಯೋಣ ಬನ್ನಿ" ಎಂದು ಎಬ್ಬಿಸಿಕೊಂಡು ಹೋದ.

ಅಷ್ಟಕ್ಕೇ ನಿಂತಿದ್ದರೆ ಮನೆಯೊಳಗಿನ ಮಾತಾಗಿ ಮುಗಿಯುತ್ತಿತ್ತು. ಆದರೆ ಪ್ರದರ್ಶನದ ಕೆಳಗೆ ಅನಿಸಿಕೆ ಬರೆಯುವ ಜಾಗವಿತ್ತು. ಸಂಸ್ಥಾಪಕರ ನಲವತ್ತೇಳು ಫೋಟೋಗಳಿಗೆ ಎಲ್ಲ ಸೇರಿ ಒಂಬತ್ತು ಅನಿಸಿಕೆ ಬಂದಿದ್ದವು. ಅದರಲ್ಲಿ ನಾಲ್ಕು ಅಧ್ಯಕ್ಷರ ಮನೆಯವರದ್ದು. ಗಂಟೆಯಣ್ಣನ ಫೋಟೋಕ್ಕೆ ಮೊದಲ ವಾರದಲ್ಲೇ ಮುನ್ನೂರ ಅರವತ್ತು. ಹಳೆಯ ವಿದ್ಯಾರ್ಥಿಗಳು ಎಲ್ಲೆಲ್ಲಿಂದಲೋ ಬರೆದರು. ಗೇಟು ಮುಚ್ಚಿದ ಮೇಲೆ ಬಂದವನಿಗೆ ಹಿಂಬಾಗಿಲು ತೆರೆದದ್ದನ್ನು ಒಬ್ಬರು ನೆನೆದರು. ಗಣಿತದ ಪರೀಕ್ಷೆಯಲ್ಲಿ ಕಡೆಯ ಗಂಟೆಯನ್ನು ಎರಡು ನಿಮಿಷ ತಡಮಾಡಿ ಬಾರಿಸಿದ್ದರಿಂದ ತಾನು ಪಾಸಾಗಿ ಈಗ ನ್ಯಾಯಾಧೀಶೆ ಎಂದು ಇನ್ನೊಬ್ಬರು ಬರೆದರು. "ಆ ಕಣ್ಣುಗಳನ್ನು ಮರೆಯುವುದುಂಟೇ? ನೋಡಿದ ಕೂಡಲೇ ಗುರುತು ಹಿಡಿದೆ" ಎಂದು ನೂರಾರು ಜನ ಬರೆದರು. ಧೂಳಪ್ಪ ಇದನ್ನೆಲ್ಲ ಓದಿ, ಇಷ್ಟು ಜನ ಗುರುತು ಹಿಡಿದ ಮೇಲೆ ತನಗೇನು ಧಾಡಿ ಎಂದು ಸಮಾಧಾನ ಮಾಡಿಕೊಂಡ. ಹೆಂಡತಿ ಮಾತ್ರ ಎದುರಿಗೆ ಬಂದಾಗಲೆಲ್ಲ ತನ್ನ ಮೂಗನ್ನು ಒಂದು ಸಲ ಮುಟ್ಟಿ ಹೋಗುತ್ತಿದ್ದಳು.

ಎರಡನೆಯ ವಾರ ಅಧ್ಯಕ್ಷರಿಗೂ ಕಣ್ಣು ಒದ್ದೆಯಾಯಿತು. ಆ ಫೋಟೋವನ್ನು ಆಳೆತ್ತರ ಮಾಡಿಸಿ ಸಭಾಂಗಣದ ಗೋಡೆಗೆ ಹಾಕಬೇಕು, ತಾವೇ ಪರದೆ ಸರಿಸಬೇಕು, ಗಂಟೆಯಣ್ಣನ ಪತ್ನಿ ಮುಂದಿನ ಸಾಲಿನಲ್ಲಿ ಕೂತಿರಬೇಕು ಎಂದು ಪ್ರಕಟಿಸಿದರು. "ದುಡಿಯುವ ಕೈಗೆ ನಮ್ಮ ಮನೆತನ ಯಾವತ್ತೂ ತಲೆಬಾಗಿದೆ" ಎಂದೂ ಹೇಳಿದರು.

ಧೂಳಪ್ಪನಿಗೆ ಅನ್ನ ಸೇರದಾಯಿತು. ಆಳೆತ್ತರ ಎಂದರೆ ಮೂಗೂ ಗೇಣುದ್ದ. ಅಮ್ಮನ ಕಟ್ಟು ಬಿಚ್ಚುವುದು ಪರದೆ ಸರಿಸುವ ದಿನವೇ ಬೆಳಿಗ್ಗೆ. ಮೂರು ವರ್ಷದ ಮೇಲೆ ಕಣ್ಣು ಬಂದು ಅವರು ಮೊದಲು ನೋಡುವುದು ಪರಗಂಡಸಿನ ಮುಖವಾದರೆ? ಅವನು ಧೈರ್ಯ ಮಾಡಿ ಪ್ರಿನ್ಸಿಪಾಲ್ ಮೇಡಂ ಕೋಣೆಗೆ ಹೋದ.

"ಮೇಡಂ, ಆ ಫೋಟೋ... ಬೇಡ ಅನ್ಸುತ್ತೆ."

"ಯಾಕ್ರೀ?"

"ಅದು ನಮ್ಮಪ್ಪನೋ ಅಲ್ವೋ ಅಂತ..."

ಮೇಡಂ ಕನ್ನಡಕ ತೆಗೆದರು. ಕಣ್ಣೊತ್ತಿಕೊಂಡರು. "ನೋಡಿ, ಇದೇ. ಇದೇ ನಿಮ್ಮ ತಂದೆಯವರ ಗುಣ. ಹೊಗಳಿಕೆ ಬಂದಾಗ ನಾನಲ್ಲ ಅನ್ನೋದು."

"ಅದಲ್ಲ ಮೇಡಂ, ಮೂಗು..."

"ಅಳಬೇಡಿ. ಮೂಗು ಒರೆಸ್ಕೊಳ್ಳಿ" ಎಂದು ಮೇಡಂ ಕಾಗದದ ಕರವಸ್ತ್ರದ ಡಬ್ಬಿಯನ್ನೇ ಅವನ ಕಡೆ ತಳ್ಳಿದರು. ಧೂಳಪ್ಪ ಒರೆಸಿಕೊಂಡು ಹೊರಗೆ ಬಂದ. ಇನ್ನೇನು ಮಾಡಲಾದೀತು?

ಆ ದಿನ ಬಂತು. ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡ ಅಮ್ಮ, ಒಂದು ಪಕ್ಕ ಸೊಸೆ, ಇನ್ನೊಂದು ಪಕ್ಕ ಇಸ್ತ್ರಿ ಮಾಡಿದ ಅಂಗಿಯ ಟೈಲರು. ಆಚೆ ತುದಿಯಲ್ಲಿ ಅಧ್ಯಕ್ಷರ ಸೋದರತ್ತೆ, ಸಂಸ್ಥಾಪಕರ ಒಬ್ಬಳೇ ಮಗಳು. ಮೊಬೈಲು ಕಂಡರಾಗದ ಆಕೆ ಪ್ರದರ್ಶನವನ್ನು ಅಲ್ಲಿಯವರೆಗೆ ನೋಡಿರಲಿಲ್ಲ.

ಅಧ್ಯಕ್ಷರು ಇಪ್ಪತ್ತು ನಿಮಿಷ ಮಾತಾಡಿ ಹಗ್ಗ ಎಳೆದರು. ಬಟ್ಟೆ ಜಾರಿತು. ಚಪ್ಪಾಳೆಯೋ ಚಪ್ಪಾಳೆ. ಅಧ್ಯಕ್ಷರು ಚಿತ್ರದ ಪಕ್ಕದಲ್ಲಿ ಎದೆ ಮುಂದೆ ಮಾಡಿ ನಿಂತು ಫೋಟೋದವನ ಕಡೆ ನೋಡಿದರು. ಫೋಟೋದವನು ಕ್ಯಾಮೆರಾ ಎತ್ತಿದ. ಇಳಿಸಿದ. ಮತ್ತೆ ಎತ್ತಿದ, ಮತ್ತೆ ಇಳಿಸಿದ.

"ಏನಯ್ಯಾ?"

"ಏನಿಲ್ಲ ಸಾರ್. ಕಿವಿ..."

ಅಧ್ಯಕ್ಷರ ಕಿವಿಗಳು ಬಾಗಿಲು ತೆರೆದಿಟ್ಟ ಹಾಗೆ ಎರಡು ಪಕ್ಕಕ್ಕೂ ಚಾಚಿಕೊಂಡಿದ್ದವು. ಅದು ಎಲ್ಲರಿಗೂ ಗೊತ್ತಿದ್ದದ್ದೇ, ಸಂಬಳ ಕೊಡುವ ಮಂಡಳಿಯ ಕಿವಿಯನ್ನು ಯಾರೂ ದಿಟ್ಟಿಸಿ ನೋಡಿರಲಿಲ್ಲ ಅಷ್ಟೆ. ಈಗ ಗೋಡೆಯ ಮೇಲೆ ಖಾಕಿ ಟೋಪಿಯ ಕೆಳಗಿಂದ ಅವೇ ಎರಡು ಬಾಗಿಲುಗಳು ತೆರೆದುಕೊಂಡಿದ್ದವು. ಚಪ್ಪಾಳೆ ಒಂದೊಂದೇ ಕೈಯಾಗಿ ನಿಂತುಹೋಯಿತು. ಮುನ್ನೂರು ಜನ ಒಂದು ಸಲ ಈ ಕಿವಿ, ಒಂದು ಸಲ ಆ ಕಿವಿ ನೋಡಿ, ಆಮೇಲೆ ಬಹಳ ಮರ್ಯಾದೆಯಿಂದ ನೆಲ ನೋಡಿದರು.

ಆಗ ಸೋದರತ್ತೆ ಕೋಲೂರಿಕೊಂಡು ಎದ್ದು ನಿಂತರು. "ಅಯ್ಯೋ ಶಿವನೇ, ಇದು ನಮ್ಮಪ್ಪ ಅಲ್ವೇನೋ!"

"ಅತ್ತೆ, ಕೂತ್ಕೊಳ್ಳಿ..." ಅಧ್ಯಕ್ಷರು ಹಲ್ಲು ಕಚ್ಚಿದರು.

"ಕೂತ್ಕೊಳ್ಳೋದೇನು? ನಾಟಕದಲ್ಲಿ ಜವಾನನ ಪಾರ್ಟು ಮಾಡಿದ್ರು ಕಣೋ. ಯಾವಾಗಲೂ ಕಿವಿ ಮುಚ್ಚೋ ಹಾಗೆ ಸುತ್ತುತ್ತಿದ್ದ ಪೇಟ, ಕನ್ನಡಕ ಎರಡೂ ತೆಗೆಸಿ ಆ ಮೀಸೆ ಅಂಟಿಸಿದವಳೇ ನಾನು. ನನಗಾಗ ಹದಿನಾಲ್ಕು. ಬಲಗಡೆ ಸ್ವಲ್ಪ ಸೊಟ್ಟ ಆಗಿದೆ ನೋಡು. ಅವತ್ತು ಬೈಸ್ಕೊಂಡಿದ್ದೆ."

ಮೀಸೆ ಬಲಗಡೆ ಸೊಟ್ಟಗಿತ್ತು.

ಅಧ್ಯಕ್ಷರ ಕಿವಿ ಕೆಂಪಾಯಿತು, ಖಾಲಿ ಖಾನೆಗೆ ಪರದೆ ಕೆಂಪಾಗುತ್ತಿದ್ದ ಹಾಗೆಯೇ. "ಧೂಳಪ್ಪ! ಎಪ್ಪತ್ತೈದನೇ ವರ್ಷದಲ್ಲಿ ನಮ್ಮ ತಾತನ್ನ ಜವಾನ ಮಾಡಿಬಿಟ್ಟೆಯಲ್ಲಯ್ಯಾ!"

"ಸಾರ್, ಅಪರಿಚಿತ ಅಂತ ಬರೆದ್ರೆ ತಗೊಳ್ತಿರಲಿಲ್ಲ..."

"ಅದಕ್ಕೆ? ಸಿಕ್ಕಿದೋರಿಗೆಲ್ಲ ನಿಮ್ಮಪ್ಪನ ಹೆಸರಿಡೋದಾ?"

ಕಂಪ್ಯೂಟರ್ ಮೇಷ್ಟ್ರು ಕಂಬದ ಹಿಂದೆ ಸರಿದರು. ಆ ಕಣ್ಣುಗಳನ್ನು ನೋಡಿದ ಕೂಡಲೇ ಗುರುತು ಹಿಡಿದಿದ್ದ ಹಳೆಯ ವಿದ್ಯಾರ್ಥಿಗಳು ತಂತಮ್ಮ ಚೀಲದಲ್ಲಿ ಏನೋ ಹುಡುಕಲು ಶುರುಮಾಡಿದರು. ಧೂಳಪ್ಪ ಯಾರ ಬೈಗುಳವನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಅವನು ಅಮ್ಮನನ್ನೇ ನೋಡುತ್ತಿದ್ದ. ಕಪ್ಪು ಕನ್ನಡಕದ ಹಿಂದೆ ಏನಾಗುತ್ತಿದೆಯೋ ಗೊತ್ತಾಗುತ್ತಿರಲಿಲ್ಲ. ಅವನು ಹತ್ತಿರ ಹೋಗಿ ಮಂಡಿಯೂರಿ ಕೂತ.

"ಅಮ್ಮ, ತಪ್ಪಾಯ್ತು. ನನಗೆ ಅಪ್ಪ ಸಿಕ್ಕಿರಲಿಲ್ಲ. ಸಿಕ್ಕಿದ್ರು ಅಂತ ಸುಳ್ಳು ಹೇಳಿದೆ."

ಅಮ್ಮ ಅವನ ಭುಜ ಹಿಡಿದು ಎದ್ದರು. "ಕರ್ಕೊಂಡು ಹೋಗು. ಹತ್ರ ನೋಡ್ಬೇಕು."

"ಬೇಡಮ್ಮ..."

"ಕಣ್ಣು ಬಂದಿರೋದು ನನಗೆ. ಬೇಕೋ ಬೇಡ್ವೋ ನಾನು ಹೇಳ್ತೀನಿ."

ಅಮ್ಮ ವೇದಿಕೆ ಹತ್ತಿದರು, ಕಪ್ಪು ಕನ್ನಡಕ ತೆಗೆದು ಮಗನ ಕೈಗೆ ಕೊಟ್ಟರು. ಗೋಡೆಯ ಮೇಲಿನ ಮುಖವನ್ನು ಒಂದು ಕ್ಷಣ ನೋಡಿ, ಆಗದ ಕೆಲಸಕ್ಕೆ ಬಂದವರನ್ನು ಬಾಗಿಲಲ್ಲೇ ಬಿಟ್ಟ ಹಾಗೆ ಬಿಟ್ಟರು. ಆಮೇಲೆ ಕೋಟು ನೋಡಿದರು. ಆಮೇಲೆ ಚಪ್ಪಲಿ.

"ಕೋಟು ನಮ್ಮದು. ಚಪ್ಪಲಿ ನಮ್ಮದು. ಮದುವೆಯಾದ ಮಾರನೇ ವರ್ಷ, ಈಗ್ಗೆ ಐವತ್ತೇಳು ವರ್ಷ. ಸಾಹೇಬ್ರು ನಾಟಕಕ್ಕೆ ಕೇಳಿದ್ರು ಅಂತ ಬಿಚ್ಚಿಕೊಟ್ಟು ಬರಿಗಾಲಲ್ಲಿ ಮನೆಗೆ ಬಂದ್ರು. ಗಂಟೇನೂ ಕೊಟ್ಟಿದ್ರು. ಆದ್ರೆ ಸಾಹೇಬ್ರಿಗೆ ಗಂಟೆ ಬಾರಿಸೋಕೆ ಬರ್ತಿರಲಿಲ್ಲವಂತೆ, ಐಸ್‌ಕ್ಯಾಂಡಿ ಮಾರೋರ ಥರ ಅಲ್ಲಾಡಿಸೋರಂತೆ. ಅದಕ್ಕೆ ಅದರ ನಾಲಿಗೆಗೆ ಬಟ್ಟೆ ಕಟ್ಟಿ, ಇವರು ಪರದೆ ಹಿಂದೆ ನಿಂತು ಬೇರೆ ಗಂಟೆ ಬಾರಿಸಿದ್ರು. ನಗಾಡಿಕೊಂಡು ಹೇಳಿದ್ರು ನನಗೆ."

"ನಿಜ, ನಿಜ" ಎಂದು ಕೆಳಗಿನಿಂದ ಸೋದರತ್ತೆ ಕೂಗಿದರು. "ಆ ಚಪ್ಪಲಿ ಅಪ್ಪನಿಗೆ ಎಷ್ಟು ಹಿಡಿಸಿತು ಅಂದ್ರೆ ಆಮೇಲೂ ಎರಡು ವರ್ಷ ಹಾಕ್ಕೊಂಡ್ರು! ಮೆತ್ತಗಿದೆ ಅಂತಿದ್ರು."

ಅಧ್ಯಕ್ಷರು ಕಣ್ಣು ಮುಚ್ಚಿಕೊಂಡರು.

ಅಮ್ಮ ಮಾತ್ರ ಇನ್ನೂ ಕೆಳಗೆ ಬಾಗುತ್ತಿದ್ದರು. ಧೂಳಪ್ಪನೂ ಬಾಗಿದ. ಕಪ್ಪು ಬಟ್ಟೆಯ ಅಂಚು ನೆಲಕ್ಕೆ ಮುಟ್ಟದೆ ಒಂದು ಗೇಣು ಮೇಲೆ ನಿಂತಿತ್ತು. ಅದರ ಕೆಳಗೆ, ಬಲ ಮೂಲೆಯಲ್ಲಿ ಏನೋ ಬೆಳ್ಳಗಿತ್ತು. ಅಂಗೈಯಗಲದ ಫೋಟೋದಲ್ಲಿ ಅದನ್ನು ಅವನು ಕಂಡಿದ್ದ. ದಾಖಲೆ ಪುಸ್ತಕದಲ್ಲಿ ಫೋಟೋದ ಸ್ಥಿತಿ ಬರೆಯುವ ಅಂಕಣದಲ್ಲಿ ತನ್ನ ಕೈಯಾರೆ ಬರೆದಿದ್ದ, "ಕೆಳಗೆ ಬಲಕ್ಕೆ ಒಂದು ಕಲೆ" ಎಂದು.

ಆಳೆತ್ತರದಲ್ಲಿ ಆ ಕಲೆಗೆ ಕಾಲ್ಬೆರಳುಗಳಿದ್ದವು. ಬಲಪಾದದ ಮೇಲೆ ಎಡಪಾದ ಹತ್ತಿಸಿ ಯಾರೋ ಪರದೆಯ ಹಿಂದೆ ಬರಿಗಾಲಲ್ಲಿ ನಿಂತಿದ್ದರು.

ಹಾಗೆ ನಿಲ್ಲುತ್ತಿದ್ದ ಮನುಷ್ಯನನ್ನು ಧೂಳಪ್ಪ ಬಾಲ್ಯವೆಲ್ಲ ನೋಡಿದ್ದ. ಮೊಗಸಾಲೆಯ ತುದಿಯಲ್ಲಿ ಗೋಡೆಗೆ ಒರಗಿ, ಗಡಿಯಾರದ ಮೇಲೆ ಕಣ್ಣಿಟ್ಟು, ಕಾಲ ಮೇಲೆ ಕಾಲು ಹಾಕಿ.

"ಅಮ್ಮ" ಎಂದ. ಬೆರಳಿನಿಂದ ಆ ಪಾದಗಳನ್ನು ತೋರಿಸಿದ.

"ಹೂಂ. ಅವರೇ" ಎಂದರು ಅಮ್ಮ. "ಈ ಕಡೆಗೇ ತಿರುಗಿದ್ದಾರೆ."

ತಾಯಿ ಮಗ ಏನು ನೋಡುತ್ತಿದ್ದಾರೆಂದು ಅಧ್ಯಕ್ಷರೂ ನೋಡಬೇಕಾಗಿ ಬಂತು. ಅದು ನೆಲದ ಮಟ್ಟದಲ್ಲಿದ್ದದ್ದರಿಂದ ಅವರು ಸೊಂಟ ಬಗ್ಗಿಸಿ ಕೆಳಗೆ ಬಾಗಲೇಬೇಕಾಯಿತು. ಅಷ್ಟು ಹೊತ್ತು ಸುಮ್ಮನಿದ್ದ ಫೋಟೋದವನು ಆಗ ಕ್ಲಿಕ್ಕಿಸಿದ. ಗಂಟೆಯಣ್ಣನ ಪಾದದ ಮುಂದೆ ಅಧ್ಯಕ್ಷರು ತಲೆಬಾಗಿ ನಿಂತ ಆ ಚಿತ್ರ ಮರುದಿನ ಪತ್ರಿಕೆಯಲ್ಲಿ ಬಂದು, ಅವರ ಸರಳತೆಗೆ ಎಲ್ಲ ಕಡೆಯಿಂದ ಮೆಚ್ಚುಗೆ ಬಂದದ್ದರಿಂದ, ಧೂಳಪ್ಪನ ಮೇಲೆ ನಡೆಸಬೇಕೆಂದಿದ್ದ ವಿಚಾರಣೆಯನ್ನು ಮಂಡಳಿ ಕೈಬಿಟ್ಟಿತು.

ವಿವರವನ್ನು ತಿದ್ದುವುದೇ ಕಷ್ಟವಾಯಿತು. ಎರಡನೆಯ ವ್ಯಕ್ತಿಯನ್ನು ಸೇರಿಸಲು ಹೋದರೆ ಜಾಲತಾಣ "ಮುಖ ಕಾಣುತ್ತಿಲ್ಲ" ಎಂದು ಹಟ ಹಿಡಿಯಿತು. ಕಂಪ್ಯೂಟರ್ ಮೇಷ್ಟ್ರು ಎರಡು ದಿನ ಗುದ್ದಾಡಿ ಅದಕ್ಕೆ ಕಾಲನ್ನೂ ಒಪ್ಪಿಸಿದರು. ಧೂಳಪ್ಪ ಬರೆದ: "ಪರದೆಯ ಮುಂದೆ, ಗಂಟೆಯಣ್ಣನ ಕೋಟು ಮತ್ತು ಚಪ್ಪಲಿಯಲ್ಲಿ ಸಂಸ್ಥಾಪಕ ಪ್ರಿನ್ಸಿಪಾಲರು. ಪರದೆಯ ಹಿಂದೆ ಗಂಟೆಯಣ್ಣ, ಜವಾನರು. ಗಂಟೆ ಬಾರಿಸಿದವರು ಇವರು." ಆಮೇಲೆ ದಾಖಲೆ ಪುಸ್ತಕ ತೆಗೆದು, ಸ್ಕೇಲಿಟ್ಟು, "ಕಲೆ" ಎಂಬ ಪದವನ್ನು ಹೊಡೆದುಹಾಕಿದ.

ಕಣ್ಣು ಪೂರ್ತಿ ವಾಸಿಯಾದ ಮೇಲೆ ಅಮ್ಮ ಮೊಬೈಲು ಕೇಳಿ ಪಡೆದರು. ಚಿತ್ರವನ್ನು ಎರಡು ಬೆರಳಲ್ಲಿ ದೊಡ್ಡದು ಮಾಡುವುದನ್ನು ಸೊಸೆ ಕಲಿಸಿಕೊಟ್ಟಳು. ಅಮ್ಮ ಕಿಟಕಿಯ ಬಳಿ ಕೂತು ಸಾಹೇಬರನ್ನು ಮೇಲಕ್ಕೆ ತಳ್ಳಿ, ಎರಡು ಪಾದವಷ್ಟೇ ಪರದೆ ತುಂಬುವ ಹಾಗೆ ಮಾಡಿಕೊಂಡರು. ಮಗ, ಸೊಸೆ ಇಬ್ಬರೂ ಬಾಗಿಲಲ್ಲಿ ನಿಂತಿದ್ದರು. ಅಮ್ಮ ಅಳುತ್ತಾರೆ ಎಂದುಕೊಂಡಿದ್ದರು.

ಅಮ್ಮ ಬಹಳ ಹೊತ್ತು ನೋಡಿದರು. ಹೆಬ್ಬೆರಳಿನಿಂದ ಗಾಜನ್ನು ಒಂದು ಸಲ ಸವರಿದರು. ಆಮೇಲೆ, ಐವತ್ತೇಳು ವರ್ಷದಿಂದ ಬಾಕಿಯಿದ್ದ ಮಾತನ್ನು ಮುಖದ ಮೇಲೇ ಹೇಳುವವರಂತೆ ಗದರಿದರು.

"ಫೋಟೋ ತೆಗೀತಿದ್ದಾರೆ ಅಂತ ಗೊತ್ತಿದ್ದ ಮೇಲೆ ಕಾಲು ತೊಳ್ಕೊಂಡಾದ್ರೂ ನಿಂತ್ಕೋಬಾರದಿತ್ತಾ?"